ಹಂದಿ ಕಾಯುವ ರಾತ್ರಿ

ನಮ್ಮ ಕಡೆ ಅದನ್ನು ‘ಹಂದಿ ಕಾಯೋಕೆ ಹೋಗೋದು’ ಅಂತಾರೆ. ಕಾಯುವುದು ಶೇಂಗಾ ಹೊಲವನ್ನು, ಮಾತಿನಲ್ಲಿ ಬರುವುದು ಮಾತ್ರ ಹಂದಿ. ಚಿಕ್ಕವನಿದ್ದಾಗ ಇದರ ಬಗ್ಗೆ ನಾನು ಯೋಚಿಸಿರಲಿಲ್ಲ. ಹೋದ ಅಕ್ಟೋಬರಿನಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ, ದನ ಸಾಕುವ ಒಂದು ರ‍್ಯಾಂಚಿನಲ್ಲಿ, ಕಗ್ಗತ್ತಲೆಯಲ್ಲಿ, ಮೂರು ಗಂಟೆ ಅಲುಗಾಡದೆ ಕೂತಾಗ ಆ ಮಾತು ನೆನಪಾಯಿತು. ಕಾಯುವುದು ಅಂದರೆ ಕಾವಲು. ಕಾಯುವುದು ಅಂದರೆ ದಾರಿ ನೋಡುವುದು ಕೂಡ. ನಮ್ಮಪ್ಪ ಹಂದಿ ಬರದಿರಲಿ ಅಂತ ಕಾಯುತ್ತಿದ್ದರು. ಆ ರಾತ್ರಿ ನನ್ನ ಪಕ್ಕ ರೈಫಲ್ ಇಟ್ಟುಕೊಂಡು ಕೂತಿದ್ದವರು ಹಂದಿ ಬರಲಿ ಅಂತ ಕಾಯುತ್ತಿದ್ದರು.

ನಾನು ಚಳ್ಳಕೆರೆ ತಾಲ್ಲೂಕಿನವನು. ಈಗ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಇದ್ದೇನೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳತಿಯ ಅಪ್ಪನಿಗೆ ಫ್ಲೋರ್ಸ್‌ವಿಲ್ ಊರಿನ ಆಚೆ ಮುನ್ನೂರು ಎಕರೆ ಜಮೀನಿದೆ. ವಯಸ್ಸು ಎಪ್ಪತ್ತು ದಾಟಿದೆ. ಇಲ್ಲಿ ಅವರನ್ನು ಯಜಮಾನರು ಅಂತಲೇ ಕರೆಯುತ್ತೇನೆ. ಒಂದು ದಿನ ಊಟಕ್ಕೆ ಕೂತಾಗ ಗೆಳತಿ, “ಅಪ್ಪ ರಾತ್ರಿಯೆಲ್ಲ ನಿದ್ದೆಗೆಟ್ಟು ಹಂದಿ ಹಿಂದೆ ಬಿದ್ದಿದ್ದಾರೆ” ಅಂದಳು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಮ್ಮ ಮನೆಯಲ್ಲಿ ಅಮ್ಮ ಅಕ್ಕಪಕ್ಕದವರಿಗೆ ಹೇಳುತ್ತಿದ್ದ ಮಾತು ಅದು. ನಾನೂ ಬರುತ್ತೇನೆ ಅಂದೆ.

ಫ್ಲೋರ್ಸ್‌ವಿಲ್ ಊರಿನ ಕೋರ್ಟಿನ ಮುಂದೆ ಒಂದು ಶೇಂಗಾದ ಪ್ರತಿಮೆ ಇದೆ. ನಿಜವಾಗಿಯೂ ಶೇಂಗಾ, ಸಿಪ್ಪೆ ಸಮೇತ. ಆ ಸೀಮೆ ಒಂದು ಕಾಲದಲ್ಲಿ ಶೇಂಗಾಕ್ಕೆ ಹೆಸರುವಾಸಿ. ಈಗ ಟೆಕ್ಸಾಸಿನ ಶೇಂಗಾ ಹೆಚ್ಚಾಗಿ ಪಶ್ಚಿಮದ ಬಯಲಿಗೆ ಹೋಗಿದೆ. ಎಣ್ಣೆ ಗಿರಣಿಗಳ ಊರಿನಿಂದ ಬಂದವನು ನಾನು. ಆ ಪ್ರತಿಮೆಯ ಮುಂದೆ ಗಾಡಿ ನಿಲ್ಲಿಸಿ ಸುಮ್ನೆ ಸ್ವಲ್ಪ ಹೊತ್ತು ನಿಂತೆ.

ಅಲ್ಲಿಂದ ಮುಂದಿನ ದಾರಿಯನ್ನು ನೋಡಿದರೆ ಹಿರಿಯೂರು, ಚಳ್ಳಕೆರೆ ಕಡೆ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಮರಳು ಮಣ್ಣು. ಇಕ್ಕೆಲದಲ್ಲೂ ಮೆಸ್ಕೀಟ್. ಅದು ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಅದೇ ಮುಳ್ಳು, ಅದೇ ಸಣ್ಣ ಎಲೆ, ಅದೇ ಹಳದಿ ಕಾಯಿ. ನಡುನಡುವೆ ಪಾಪಾಸುಕಳ್ಳಿ. ಗಾಡಿಯಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ನೆಗ್ಗಿಲು ಮುಳ್ಳು. ದನ ನೀರು ಕುಡಿಯಲು ಕಟ್ಟಿದ ಕೆರೆಯನ್ನು ಇಲ್ಲಿನವರು ‘ಟ್ಯಾಂಕ್’ ಅಂತಾರೆ, ಬೆಂಗಳೂರಿನ ಸ್ಯಾಂಕಿ ಟ್ಯಾಂಕ್ ಅನ್ನುವ ಹಾಗೆ. ಬಳ್ಳಾರಿ ಜಾಲಿ, ಪಾಪಾಸುಕಳ್ಳಿ, ಶೇಂಗಾ, ಮೂರೂ ಅಮೆರಿಕ ಖಂಡಗಳಿಂದ ನಮ್ಮ ಕಡೆಗೆ ಬಂದವು. ಹಂದಿ ಮಾತ್ರ ಈಚೆಯಿಂದ, ಯುರೋಪಿನಿಂದ, ಅಲ್ಲಿಗೆ ಹೋಗಿದ್ದು. ಕೊಲಂಬಸ್ಸಿಗಿಂತ ಮೊದಲು ಆ ನೆಲದಲ್ಲಿ ಈ ಜಾತಿಯ ಒಂದು ಹಂದಿಯೂ ಇರಲಿಲ್ಲ.

1539ರಲ್ಲಿ ಹರ್ನಾಂಡೊ ಡಿ ಸೊಟೊ ಎಂಬ ಸ್ಪೇನಿನ ದಂಡನಾಯಕ ಫ್ಲೋರಿಡಾದಲ್ಲಿ ಇಳಿದಾಗ ಅವನ ದಂಡಿನ ಜೊತೆ ಹಂದಿಗಳೂ ಇದ್ದವು. ನಡೆಯುವ ಉಗ್ರಾಣ ಇದ್ದ ಹಾಗೆ. ಆಮೇಲೆ ಬಂದ ಒಕ್ಕಲುಗಳೂ ಹಂದಿಗಳನ್ನು ಬಯಲಿಗೆ ಬಿಟ್ಟೇ ಸಾಕಿದರು. ತಪ್ಪಿಸಿಕೊಂಡವು ಕಾಡು ಸೇರಿದವು. ಇಷ್ಟೇ ಆಗಿದ್ದರೆ ಕಥೆ ಬೇರೆ ಇರುತ್ತಿತ್ತೋ ಏನೋ. 1930ರ ದಶಕದಲ್ಲಿ ಟೆಕ್ಸಾಸಿನ ಕೆಲವು ಜಮೀನ್ದಾರರು ಬೇಟೆಗೆ ಅಂತಲೇ ಯುರೋಪಿನ ಕಾಡುಹಂದಿಗಳನ್ನು ತರಿಸಿ ಬಿಟ್ಟರು. ಅವು ಬೇಲಿ ದಾಟಿದವು, ಊರಹಂದಿಗಳ ಜೊತೆ ಬೆರೆತವು. ಈಗ ಇರುವುದು ಆ ಬೆರಕೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ರಾಜ್ಯದ 254 ಕೌಂಟಿಗಳಲ್ಲಿ 253ರಲ್ಲಿ ಹಂದಿ ಇದೆ. ಒಟ್ಟು ಎಣಿಕೆ 25 ಲಕ್ಷಕ್ಕಿಂತ ಜಾಸ್ತಿ ಅಂತ ಅಂದಾಜು.

ಯಜಮಾನರು ಬೆಳಕಿರುವಾಗಲೇ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಹುಲ್ಲುಗಾವಲು, ಅದರ ಪಕ್ಕ ನಲವತ್ತು ಎಕರೆ ಶೇಂಗಾ. ಶೇಂಗಾ ಇನ್ನೇನು ಕೀಳಬೇಕು ಅನ್ನುವ ಹಂತ. ಮೂಲೆಯಲ್ಲಿ ಮೂರ್ನಾಲ್ಕು ಎಕರೆ, ಯಾರೋ ಕುಡಿದು ನೇಗಿಲು ಹೊಡೆದ ಹಾಗೆ ಕಿತ್ತು ಬಿದ್ದಿತ್ತು. ನಾನು ಕುಕ್ಕರುಗಾಲಲ್ಲಿ ಕೂತು ಒಂದು ಗಿಡ ಎತ್ತಿದೆ. ಬೇರು ಮೇಲೆ, ಎಲೆ ಕೆಳಗೆ. ಕಾಯಿ ಒಂದೂ ಇಲ್ಲ. ಪಕ್ಕದಲ್ಲಿ ಜಗಿದು ಉಗಿದ ಸಿಪ್ಪೆ, ಇನ್ನೂ ಒದ್ದೆ. ಸಾಲು ಹಿಡಿದು ಮೂತಿ ಓಡಿಸಿದ ಗುರುತು ನೆಟ್ಟಗೆ ಹೋಗಿತ್ತು. ಮಣ್ಣಿನ ವಾಸನೆಯ ಜೊತೆ ಇನ್ನೊಂದು ವಾಸನೆ, ಹಳೇ ಗೋಣಿಚೀಲ ನೆನೆದ ಹಾಗೆ. ಆ ವಾಸನೆ ನನಗೆ ಗೊತ್ತು. ಮೂವತ್ತು ವರ್ಷ ಆದರೂ ಮೂಗು ಮರೆತಿಲ್ಲ.

ಆಗ ನನಗೆ ಹನ್ನೊಂದು ವರ್ಷ. ಶೇಂಗಾ ಕಾಯಿ ಕಟ್ಟಿದ ಮೇಲೆ ಕೀಳುವ ತನಕ, ಅಂದರೆ ಸುಮಾರು ಒಂದೂವರೆ ತಿಂಗಳು, ಅಪ್ಪ ರಾತ್ರಿ ಹೊಲದಲ್ಲೇ ಮಲಗುತ್ತಿದ್ದರು. ಮಲಗುತ್ತಿದ್ದರು ಅನ್ನುವುದು ಮಾತಿಗೆ. ನಾಲ್ಕು ಗೂಟ ನೆಟ್ಟು ಮೇಲೆ ಸೋಗೆ ಹೊದೆಸಿದ ಅಟ್ಟ. ಒಂದು ಕಂಬಳಿ, ಒಂದು ಟಾರ್ಚು, ಒಂದು ಎಣ್ಣೆ ಡಬ್ಬ, ಅದನ್ನು ಬಡಿಯಲು ಒಂದು ಕೋಲು. ಹೊಲದ ಸುತ್ತ ಅಮ್ಮನ ಹಳೇ ಸೀರೆಗಳು. ಗಾಳಿಗೆ ಸೀರೆ ಅಲ್ಲಾಡಿದರೆ ಯಾರೋ ಇದ್ದಾರೆ ಅಂತ ಹಂದಿ ಹೆದರುತ್ತದೆ ಅನ್ನುವ ಲೆಕ್ಕ. ಕ್ಷೌರದ ಅಂಗಡಿಯಿಂದ ಕೂದಲು ತಂದು ಬದುವಿಗೆ ಉದುರಿಸುತ್ತಿದ್ದೆವು. ಮೂತಿ ಇಟ್ಟು ಮೂಸಿದಾಗ ಕೂದಲು ಮೂಗಿಗೆ ಹೋಗಲಿ ಅಂತ. ಇದೆಲ್ಲ ಒಂದು ವಾರ ನಡೆಯುತ್ತದೆ. ಆಮೇಲೆ ಹಂದಿಗೆ ಗೊತ್ತಾಗುತ್ತದೆ.

ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಕೂಗು. ಅಪ್ಪ ಅಟ್ಟದಲ್ಲಿ ಎದ್ದು ನಿಂತು ‘ಹೋ...ಯ್’ ಅಂತ ಕೂಗಿದರೆ ಪಕ್ಕದ ಹೊಲದಿಂದ ಇನ್ನೊಂದು ‘ಹೋ...ಯ್’ ಬರುತ್ತಿತ್ತು. ಅದರ ಆಚೆಯಿಂದ ಮತ್ತೊಂದು. ಹಾಗೇ ದೂರಕ್ಕೆ, ಹಳ್ಳದ ತನಕ. ಯಾರು ಎದ್ದಿದ್ದಾರೆ, ಯಾರು ತೂಕಡಿಸುತ್ತಿದ್ದಾರೆ, ಹಂದಿ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು, ಎಲ್ಲ ಆ ಕೂಗಿನಲ್ಲೇ ಗೊತ್ತಾಗುತ್ತಿತ್ತು. ಒಬ್ಬರ ಹೊಲದಿಂದ ಅಟ್ಟಿದ ಹಂದಿ ಇನ್ನೊಬ್ಬರ ಹೊಲಕ್ಕೆ ಇಳಿಯದೆ ಗುಡ್ಡ ಸೇರುವ ತನಕ ಕೂಗು ನಿಲ್ಲುತ್ತಿರಲಿಲ್ಲ.

ಒಂದು ರಾತ್ರಿ ಅಪ್ಪನಿಗೆ ಜ್ವರ. ಅಟ್ಟಕ್ಕೆ ಬಂದರು, ಆದರೆ ಕೂರಲು ಆಗಲಿಲ್ಲ. ನಾನು ಎದ್ದಿರುತ್ತೇನೆ, ನೀನು ಮಲಗು ಅಂದೆ. ಕೂಗು ಬಂದಾಗಲೆಲ್ಲ ನಾನೇ ಎದ್ದು ಕೂಗಿದೆ. ಎಷ್ಟು ಸಲ ಅಂತ ನೆನಪಿಲ್ಲ. ಮತ್ತೆ ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಅಪ್ಪ ಅಟ್ಟದಲ್ಲಿ ಇರಲಿಲ್ಲ. ಹೊಲದ ನಡುವೆ ನಿಂತಿದ್ದರು. ಒಂದು ಎಕರೆ ಪೂರ್ತಿ ಮಗುಚಿ ಬಿದ್ದಿತ್ತು. ಬೀಜಕ್ಕೆ ತಂದ ಸಾಲ ಇನ್ನೂ ಹಾಗೇ ಇತ್ತು. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಹೆಗಲ ಮೇಲಿನ ಟವೆಲ್ ಹಾಸಿ, ಮಣ್ಣಿನಲ್ಲಿ ಉಳಿದ ಕಾಯಿಗಳನ್ನು ಒಂದೊಂದಾಗಿ ಆರಿಸಿದರು. ನಾನೂ ಕೂತು ಆರಿಸಿದೆ. ಟವೆಲ್ ತುಂಬಲಿಲ್ಲ.

ಹಾಗಾಗಿ ಯಜಮಾನರು ಆ ಮೂಲೆ ತೋರಿಸಿದಾಗ ಅವರಿಗೆ ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ. ಅವರೂ ಏನೂ ಹೇಳಲಿಲ್ಲ.

ನಾನು ಬಂದೂಕು ಮುಟ್ಟುವ ಹಾಗಿರಲಿಲ್ಲ. ಟೆಕ್ಸಾಸಿನ ಕಾನೂನು ಈ ವಿಷಯದಲ್ಲಿ ತುಂಬ ಸಡಿಲ. 2019ರ ಸೆಪ್ಟೆಂಬರಿನಿಂದ ಖಾಸಗಿ ಜಮೀನಿನಲ್ಲಿ, ಜಮೀನಿನವರ ಒಪ್ಪಿಗೆ ಇದ್ದರೆ, ಹಂದಿ ಹೊಡೆಯಲು ಬೇಟೆಯ ಲೈಸೆನ್ಸೇ ಬೇಡ. ಕಾಲದ ಮಿತಿ ಇಲ್ಲ, ಎಷ್ಟು ಅನ್ನುವ ಮಿತಿ ಇಲ್ಲ, ರಾತ್ರಿಯೂ ಆಗಬಹುದು. ಆದರೆ ಕೇಂದ್ರದ ಕಾನೂನು ಬೇರೆ. ನನ್ನ ಹಾಗೆ ವೀಸಾದಲ್ಲಿ ಇರುವವರು ಬಂದೂಕು ಹಿಡಿಯಬೇಕಾದರೆ ಬೇಟೆ ಲೈಸೆನ್ಸ್ ಥರದ ಒಂದು ವಿನಾಯಿತಿ ಇರಲೇಬೇಕು. ಇಲ್ಲಿರುವ ನಮ್ಮ ಹುಡುಗರು ಗೆಳೆಯರ ಜೊತೆ ಹುಮ್ಮಸ್ಸಿನಲ್ಲಿ ಹೋಗುವ ಮುಂಚೆ ಇದನ್ನು ತಿಳಿದುಕೊಳ್ಳಲಿ. ನನ್ನ ಹತ್ತಿರ ಲೈಸೆನ್ಸ್ ಇರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲ. ನೋಡುವುದಕ್ಕಷ್ಟೇ ಹೋಗಿದ್ದೆ.

ಕತ್ತಲಾಗುವ ಮುಂಚೆ ಯಜಮಾನರು ದನಗಳನ್ನು ಎಣಿಸಿದರು. ಯಾವ ಬೇಲಿಯೊಳಗೆ ಎಷ್ಟು ದನ, ಎಷ್ಟು ಕರು ಅಂತ ನನಗೂ ಬಾಯಿಪಾಠ ಮಾಡಿಸಿದರು. ಅವರು ಬಳಸುವ ದುರ್ಬೀನು ಬೆಳಕನ್ನು ನೋಡುವುದಿಲ್ಲ, ಶಾಖವನ್ನು ನೋಡುತ್ತದೆ. ಬಿಸಿ ಇರುವುದೆಲ್ಲ ಅದರಲ್ಲಿ ಬೆಳ್ಳಗೆ. ದೂರದಲ್ಲಿ ಮಲಗಿದ ಕರುವೂ ಬೆಳ್ಳಗೆ, ಹಂದಿಯೂ ಬೆಳ್ಳಗೆ. ಏನು ಅಂತ ಖಾತ್ರಿಯಾಗದೆ ಬೆರಳು ಬಂದೂಕಿನ ಕುದುರೆಗೆ ಹೋಗಬಾರದು. ಇದು ಅವರ ಮೊದಲ ನಿಯಮ. ಎರಡನೆಯದು ಗಾಳಿ. ಜೇಬಿನಲ್ಲಿ ಒಂದು ಸಣ್ಣ ಬಾಟಲಿ, ಅದರಲ್ಲಿ ಟಾಲ್ಕಂ ಥರದ ಪುಡಿ. ಒತ್ತಿದರೆ ಚೂರು ಪುಡಿ ಹಾರುತ್ತದೆ, ಗಾಳಿ ಯಾವ ಕಡೆ ಅಂತ ತೋರಿಸುತ್ತದೆ. ಹಂದಿಯ ಕಣ್ಣು ಮಂದ. ಮೂಗು ಹಾಗಲ್ಲ. ನಮ್ಮ ಕಡೆಯಿಂದ ಅದರ ಕಡೆ ಗಾಳಿ ಬೀಸಿತೋ, ಆ ರಾತ್ರಿಯ ಕೆಲಸ ಅಲ್ಲಿಗೆ ಮುಗಿಯಿತು.

ಅಮಾವಾಸ್ಯೆಗೆ ಹತ್ತಿರದ ರಾತ್ರಿ. ಆಕಾಶಗಂಗೆ ನೆತ್ತಿಯ ಮೇಲೆ ಹಾಲು ಚೆಲ್ಲಿದ ಹಾಗೆ. ಒಂಬತ್ತೂವರೆಗೆ ಎಲ್ಲೋ ಕಯೋಟಿಗಳು ಊಳಿಟ್ಟವು, ನಮ್ಮ ನರಿಗಳ ಹಾಗೇ. ಸೊಳ್ಳೆ ಕಿವಿಯ ಹತ್ತಿರ ಬಂದಾಗ ಹೊಡೆಯುವ ಹಾಗಿಲ್ಲ, ಕೈ ಅಲ್ಲಾಡಬಾರದು. ಯಜಮಾನರು ಆಗಾಗ ದುರ್ಬೀನನ್ನು ನನಗೆ ಕೊಡುತ್ತಿದ್ದರು. ಮೊಲ ಕಂಡಿತು. ಮೂರು ಜಿಂಕೆ ಕಂಡವು, ಉದ್ದ ಕಾಲು, ಎರಡು ಬಾಯಿ ಹುಲ್ಲಿಗೊಮ್ಮೆ ತಲೆ ಎತ್ತಿ ನೋಡುವುದು. ಒಂದು ಗೂಬೆ ಬೇಲಿ ಕಂಬದ ಮೇಲೆ ಬಿಳಿ ದೀಪದ ಹಾಗೆ ಕೂತಿತ್ತು. ಹಗಲಿನ ಬಿಸಿಲು ಕುಡಿದ ಕಲ್ಲುಗಳು ಕೂಡ ಮಂಕಾಗಿ ಹೊಳೆಯುತ್ತಿದ್ದವು.

ಹನ್ನೊಂದರ ಹೊತ್ತಿಗೆ ಮೊದಲಿಗೆ ಸದ್ದು ಬಂತು. ಹಂದಿ ಗುಂಪಾಗಿ ಬರುವಾಗ ಸುಮ್ಮನೆ ಬರುವುದಿಲ್ಲ. ಗುರುಗುಟ್ಟುತ್ತವೆ, ಜಗಳವಾಡುತ್ತವೆ, ಮರಿಗಳು ಕೀಚಲು ದನಿಯಲ್ಲಿ ಅಳುತ್ತವೆ. ಮೆಸ್ಕೀಟ್ ಪೊದೆಯ ಕಡೆಯಿಂದ ಸಿಪ್ಪೆ ಮುರಿಯುವ ಪಟಪಟ ಸದ್ದು. ನನ್ನ ಮೈಮೇಲೆ ಮುಳ್ಳೆದ್ದಿತು. ಅಟ್ಟದ ಮೇಲೆ ಕಂಬಳಿಯೊಳಗೆ ಕೇಳಿದ್ದ ಸದ್ದು. ಗಂಟಲಿನ ತನಕ ‘ಹೋ...ಯ್’ ಬಂದುಬಿಟ್ಟಿತ್ತು. ಹಲ್ಲು ಕಚ್ಚಿ ಹಿಡಿದೆ.

ದುರ್ಬೀನಿನಲ್ಲಿ ಎಣಿಸಿದೆ. ಹದಿನಾಲ್ಕು. ಮುಂದೆ ಒಂದು ದೊಡ್ಡ ಹೆಣ್ಣು, ಹಿಂದೆ ಇನ್ನೆರಡು ಹೆಣ್ಣು, ಉಳಿದವು ಮರಿ ಮತ್ತು ಅರೆಬೆಳೆದವು. ಹಂದಿಗಳ ಗುಂಪು ಅಂದರೆ ಹೆಣ್ಣುಗಳ ಗುಂಪು. ಬೆಳೆದ ಗಂಡು ಒಂಟಿಯಾಗಿ ಅಲೆಯುತ್ತದೆ. ತಲೆ ತಗ್ಗಿಸಿದ್ದು ಎತ್ತಲೇ ಇಲ್ಲ. ಒಂದೊಂದು ಸಾಲು ಹಿಡಿದು, ಕೂಲಿಯವರು ಸಾಲು ಹಿಡಿದು ಕಳೆ ತೆಗೆಯುವ ಹಾಗೆ, ಶ್ರದ್ಧೆಯಿಂದ ಮುಂದುವರಿದವು.

ಯಜಮಾನರು ರೈಫಲನ್ನು ಮುಕ್ಕಾಲಿಯ ಮೇಲೆ ಇಟ್ಟಿದ್ದರು. ಕೊಳವೆಯ ಬಾಯಿಗೆ ಸದ್ದು ಅಡಗಿಸುವ ಸಾಧನ. ಅದಿದ್ದರೂ ಗುಂಡು ಗಾಳಿ ಸೀಳುವ ಸದ್ದು ಚಾಟಿಯ ಹಾಗೆ ಕೇಳುತ್ತದೆ. ಮೊದಲ ಗುಂಡಿಗೆ ಮುಂದಿನ ಹೆಣ್ಣು ನಿಂತಲ್ಲೇ ಕುಸಿಯಿತು. ಉಳಿದವು ಅರೆಕ್ಷಣ ಗಲಿಬಿಲಿಗೊಂಡವು. ಆ ಅರೆಕ್ಷಣದಲ್ಲಿ ಇನ್ನೊಂದು ಬಿತ್ತು. ಆಮೇಲೆ ಓಟ. ಓಡುವಾಗ ಮೂರನೆಯದು. ನಂತರ ಜಾಲಿಯ ಕತ್ತಲೆ. ಎಲ್ಲ ಸೇರಿ ಹತ್ತು ಸೆಕೆಂಡು ಆಗಿರಬಹುದು.

ನಾವು ಎದ್ದು ಹೋಗಲಿಲ್ಲ. ಇಪ್ಪತ್ತು ನಿಮಿಷ ಹಾಗೇ ಕೂತಿದ್ದೆವು. ಹೊಲದ ಅಂಚಿಗೆ ಎರಡು ಸಣ್ಣ ಬಿಳಿ ಚುಕ್ಕೆಗಳು ವಾಪಸು ಬಂದವು. ಬೆಕ್ಕಿನಷ್ಟು ದೊಡ್ಡವು. ಬಿದ್ದ ತಾಯಿಯ ಕಡೆ ಮೂತಿ ಎತ್ತಿ ನಿಂತವು. ಯಜಮಾನರು ತಗ್ಗಿದ ದನಿಯಲ್ಲಿ, ಆರು ತಿಂಗಳು ಅಂದರು. ಇನ್ನು ಆರೇಳು ತಿಂಗಳಲ್ಲಿ ಇದೇ ಹೆಣ್ಣುಮರಿ ಗಬ್ಬ ಕಟ್ಟುತ್ತದೆ ಅಂತ ಅದರ ಅರ್ಥ. ನಾಲ್ಕು ತಿಂಗಳು ತುಂಬುವ ಮೊದಲೇ ಐದಾರು ಮರಿ. ವರ್ಷಕ್ಕೆ ಎರಡು ಸಲವೂ ಈಯಬಹುದು. ಮತ್ತೆ ಚಾಟಿ ಸದ್ದು. ಒಂದು ಬಿತ್ತು, ಒಂದು ಓಡಿತು.

ನನಗೆ ಬೇಡ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಹಕ್ಕು ಇತ್ತಾ ಅಂತ ಇವತ್ತಿಗೂ ಯೋಚಿಸುತ್ತೇನೆ. ಮಗುಚಿ ಬಿದ್ದ ಎಕರೆಯ ನಡುವೆ ಟವೆಲ್ ಹಾಸಿ ಕೂತಿದ್ದ ಅಪ್ಪನನ್ನು ನೋಡಿದವನು ನಾನು. ಆದರೆ ಮರಿ ಮೂತಿ ಎತ್ತಿ ನಿಂತದ್ದನ್ನೂ ನಾನೇ ನೋಡಿದೆ. ಎರಡೂ ನಿಜ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಲು ನನ್ನಿಂದ ಆಗುತ್ತಿಲ್ಲ.

ಹತ್ತಿರ ಹೋದಾಗ ದುರ್ಬೀನು ನನ್ನ ಕೈಯಲ್ಲೇ ಇತ್ತು. ಹುಲ್ಲಿನ ಮೇಲೆ ಚೆಲ್ಲಿದ ರಕ್ತ ಅದರಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ನೋಡನೋಡುತ್ತಿದ್ದಂತೆ ಬೂದಿ ಬಣ್ಣಕ್ಕೆ ತಿರುಗಿತು. ಸ್ವಲ್ಪ ಹೊತ್ತಿಗೆ ಹುಲ್ಲು ಯಾವುದು, ರಕ್ತ ಯಾವುದು ಅಂತ ತಿಳಿಯದ ಹಾಗೆ ಒಂದಾಯಿತು. ಹಂದಿಯ ಮೈ ಮಾತ್ರ ಇನ್ನೂ ಬೆಳ್ಳಗೆ ಇತ್ತು. ದುರ್ಬೀನು ಇಳಿಸಿ ಬರಿಗಣ್ಣಲ್ಲಿ ನೋಡಿದರೆ ಕಪ್ಪು ರಾಶಿ. ಕೈಯಿಟ್ಟೆ. ಕೂದಲು ಪೊರಕೆ ಕಡ್ಡಿಯಷ್ಟು ಗಡಸು. ಹೊಟ್ಟೆಯ ಮೇಲೆ ಒಣಗಿದ ಕೆಸರು ಹಪ್ಪಳದ ಹಾಗೆ ಎದ್ದಿತ್ತು. ಹಂದಿಗೆ ಬೆವರುವುದು ಬಾರದು, ಮೈ ತಂಪಾಗಬೇಕಾದರೆ ಕೆಸರೇ ಗತಿ. ಕಿವಿಯ ಹಿಂದೆ ಉಣ್ಣೆಗಳು. ಬಾಯಲ್ಲಿ ಅರ್ಧ ಜಗಿದ ಶೇಂಗಾ.

ಯಜಮಾನರು ಕೈಗವಸು ಹಾಕಿಕೊಂಡರು, ನನಗೂ ಒಂದು ಜೊತೆ ಕೊಟ್ಟರು. ಈ ಹಂದಿಗಳಿಗೆ ಬ್ರುಸೆಲ್ಲಾ ರೋಗ ಇರಬಹುದು, ರಕ್ತದ ಮೂಲಕ ಮನುಷ್ಯರಿಗೂ ಬರುತ್ತದೆ. ಎಳೆಯದರ ಮಾಂಸ ತೆಗೆದುಕೊಂಡರು. ದೊಡ್ಡವನ್ನು ಬೇಲಿಯಾಚೆ ಎಳೆದು ಹಾಕಿದರು, ಹದ್ದುಗಳಿಗೆ. ಎಷ್ಟೋ ರ‍್ಯಾಂಚುಗಳಲ್ಲಿ ಹೀಗೇ ಬಿಡುತ್ತಾರಂತೆ. ಅದು ನನಗೆ ಗುಂಡಿಗಿಂತ ಜಾಸ್ತಿ ನೋವು ಕೊಟ್ಟಿತು. ಕೊಡಗಿನ ಗೆಳೆಯನ ಮನೆಯಲ್ಲಿ ಪಂದಿ ಕರಿಯನ್ನು ಕಾಚಂಪುಳಿ ಹಾಕಿ ಎಷ್ಟು ಜತನದಿಂದ ಮಾಡುತ್ತಾರೆ ಅಂತ ನೋಡಿದ್ದೇನೆ. ಕೊಂದ ಮೇಲೆ ಉಣ್ಣಬೇಕು, ಇಲ್ಲ ಹೂಳಬೇಕು. ಬಿಸಾಡಬಾರದು. ಇದು ನನ್ನ ಅಭಿಪ್ರಾಯ.

ಆ ರಾತ್ರಿ ಅವರ ನಾಯಿಯೂ ಜೊತೆಗಿತ್ತು, ಗಾಡಿಯಲ್ಲಿ. ವಯಸ್ಸಾದ ನಾಯಿ. ಎದೆಯ ಮೇಲೆ ಒಂದು ಗೇಣು ಉದ್ದದ ಹಳೇ ಗಾಯದ ಗೆರೆ. ಹಿಂದೆ ನಾಯಿಗಳನ್ನು ಬಿಟ್ಟೇ ಹಂದಿ ಹಿಡಿಯುತ್ತಿದ್ದರಂತೆ, ಈಗಲೂ ಹಿಡಿಯುವವರು ಇದ್ದಾರೆ. ಕೆಲವು ನಾಯಿಗಳು ಸುತ್ತುವರಿದು ಬೊಗಳಿ ನಿಲ್ಲಿಸುತ್ತವೆ, ಒಂದು ನಾಯಿ ನುಗ್ಗಿ ಕಿವಿ ಕಚ್ಚಿ ಹಿಡಿಯುತ್ತದೆ. ಕೋರೆ ತಾಗದಿರಲಿ ಅಂತ ದಪ್ಪನೆಯ ಕವಚ ತೊಡಿಸುತ್ತಾರೆ. ಆ ಗೆರೆಯ ಮೇಲೆ ಬೆರಳಾಡಿಸಿದಾಗ ನನಗೆ ಕಾಳಿ ನೆನಪಾಯಿತು. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರಿನ ಶಾಸನದ ಕಲ್ಲು ನೋಡಿದವರಿಗೆ ಗೊತ್ತು. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಏನು ಬೇಕೋ ಕೇಳು ಅಂತ ಗಂಗರ ದೊರೆ ಬೂತುಗ ಹೇಳುತ್ತಾನೆ. ಅವನು ಕೇಳುವುದು ಬೂತುಗನ ಬೇಟೆನಾಯಿ ಕಾಳಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು ಅಂತ ಕಲ್ಲು ಹೇಳುತ್ತದೆ. ನಾಯಿಗಾಗಿ ನೆಟ್ಟ ಕಲ್ಲು, ಅದರ ಪೂಜೆಗೆ ಬಿಟ್ಟ ಭೂಮಿ. ಯಜಮಾನರಿಗೆ ಈ ಕಥೆ ಹೇಳಿದೆ. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ಇನ್ನೂ ಗೊತ್ತಿದೆಯಾ ಅಂತ ಕೇಳಿದರು. ಹೌದು ಅಂದೆ. ಕಾಳಿ ಅನ್ನುವ ಹೆಸರನ್ನು ಎರಡು ಮೂರು ಸಲ ಹೇಳಿ ನೋಡಿದರು.

ಮನೆಗೆ ವಾಪಸು ಬಂದು ಕಾಫಿ ಕುಡಿಯುವಾಗ ಅವರು ಹೇಳಿದ್ದು ನನಗೆ ಬೇಟೆಗಿಂತ ಮುಖ್ಯ ಅನ್ನಿಸಿತು. ಇವತ್ತು ಹೊಡೆದದ್ದು ನಾಲ್ಕು, ಉಳಿದ ಹತ್ತು ಈಗ ಜಾಣ ಆಗಿವೆ ಅಂದರು. ಹಂದಿಯ ಸಂಖ್ಯೆ ಬೆಳೆಯದೆ ಇದ್ದಷ್ಟೇ ಇರಬೇಕಾದರೂ ವರ್ಷಕ್ಕೆ ಮೂರರಲ್ಲಿ ಎರಡು ಪಾಲು ತೆಗೆಯಬೇಕು ಅಂತ ಅಲ್ಲಿನ ತಜ್ಞರ ಲೆಕ್ಕ. ಬಂದೂಕಿನಿಂದ ಅದು ಆಗುವುದಿಲ್ಲ. 2011ರಲ್ಲಿ ಟೆಕ್ಸಾಸ್ ಹೆಲಿಕಾಪ್ಟರಿನಿಂದ ಹಂದಿ ಹೊಡೆಯುವುದನ್ನು ಹಣ ಕೊಟ್ಟು ಬರುವ ಬೇಟೆಗಾರರಿಗೂ ತೆರೆಯಿತು. 2017ರಲ್ಲಿ ಬಿಸಿಗಾಳಿ ಬಲೂನಿನಿಂದಲೂ ಆಗಬಹುದು ಅಂದಿತು. ಆದರೂ ಹಂದಿ ಇದೆ. ಪಕ್ಕದ ಜಮೀನಿನವರು ವಾರಾಂತ್ಯಕ್ಕೆ ನಗರದಿಂದ ಬರುವ ಬೇಟೆಗಾರರಿಗೆ ರಾತ್ರಿಯ ಲೆಕ್ಕದಲ್ಲಿ ಜಾಗ ಬಿಡುತ್ತಾರೆ. ಒಳ್ಳೆ ಹಣ. ಬೇಟೆಗಾರನಿಗೆ ಮುಂದಿನ ವರ್ಷವೂ ಹಂದಿ ಬೇಕು. ರೈತನಿಗೆ ನಾಳೆಯೇ ಬೇಡ. ಇಬ್ಬರೂ ಒಂದೇ ಬಂದೂಕು ಹಿಡಿದಿರುವುದರಿಂದ ನೋಡುವವರಿಗೆ ಇಬ್ಬರ ಕೆಲಸವೂ ಒಂದೇ ಅನ್ನಿಸುತ್ತದೆ, ಅಷ್ಟೇ.

ನನಗೆ ಸಿಟ್ಟು ಬರುವುದು ಇಲ್ಲೇ. ಹಂದಿಯನ್ನು ಲಾರಿಯಲ್ಲಿ ತುಂಬಿ ಹೊಸ ಹೊಸ ಜಮೀನಿಗೆ ಬಿಟ್ಟವರು ರೈತರಲ್ಲ. ಬೇಟೆಯ ಖುಷಿಗೆ ಬಿಟ್ಟದ್ದು. ಈಗ ಜೀವಂತ ಹಂದಿಯನ್ನು ಹಾಗೆ ಸಾಗಿಸಿ ಬಿಡುವುದಕ್ಕೆ ಕಾನೂನಿನ ತಡೆ ಇದೆ, ಆದರೆ ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಮಿಸ್ಸೂರಿ ರಾಜ್ಯ 2016ರಲ್ಲಿ ತನ್ನ ಸಂರಕ್ಷಣಾ ಇಲಾಖೆಯ ಜಮೀನುಗಳಲ್ಲಿ ಹಂದಿ ಬೇಟೆಯನ್ನೇ ನಿಲ್ಲಿಸಿತು. ಗುಂಡು ಹಾರಿಸಿದರೆ ಗುಂಪು ಚದುರುತ್ತದೆ, ಚದುರಿದ ಗುಂಪು ಬೋನಿಗೆ ಬೀಳುವುದಿಲ್ಲ. ಇಡೀ ಗುಂಪನ್ನು ಒಟ್ಟಿಗೆ ಹಿಡಿಯಬೇಕು ಅನ್ನುವುದು ಅವರ ದಾರಿ. ನನಗೆ ಇದು ಸರಿ ಅನ್ನಿಸುತ್ತದೆ.

ಆ ಬೋನು ಅಂದರೆ ಕಬ್ಬಿಣದ ಜಾಲರಿಯ ದುಂಡನೆಯ ದೊಡ್ಡಿ. ಒಂದು ಎತ್ತಿ ನಿಲ್ಲಿಸಿದ ಗೇಟು. ಒಂದು ಕ್ಯಾಮೆರಾ. ಒಳಗೆ ದಿನಾ ಮೆಕ್ಕೆಜೋಳ ಸುರಿಯುವುದು. ಮೊದಲ ವಾರ ಒಂದೆರಡು ಮರಿ ಬರುತ್ತವೆ. ಮುದಿ ಹೆಣ್ಣು ಹೊರಗೇ ನಿಂತು ನೋಡುತ್ತದೆ. ಅದೂ ಒಳಗೆ ಬರುವ ತನಕ, ಹದಿನಾಲ್ಕಕ್ಕೆ ಹದಿನಾಲ್ಕೂ ಒಳಗೆ ಇರುವ ತನಕ ಕಾಯಬೇಕು. ಆಮೇಲೆ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಗೇಟು ಬೀಳುತ್ತದೆ. ಇದರಲ್ಲಿ ರೋಮಾಂಚನ ಇಲ್ಲ. ಇದಕ್ಕೆ ಯಾರೂ ಹಣ ಕೊಟ್ಟು ಬರುವುದಿಲ್ಲ. ಮೇಲಾಗಿ ಒಬ್ಬರು ಬೋನು ಇಟ್ಟು ಪಕ್ಕದವರು ಗುಂಡು ಹಾರಿಸುತ್ತಿದ್ದರೆ ಪ್ರಯೋಜನವಿಲ್ಲ. ಸುತ್ತಲಿನ ನಾಲ್ಕು ಜಮೀನಿನವರು ಒಪ್ಪಬೇಕು. ಯಜಮಾನರ ಮಕ್ಕಳೆಲ್ಲ ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ. ಬೋನಿನ ಜಾಲರಿ ಎರಡು ವರ್ಷದಿಂದ ಕೊಟ್ಟಿಗೆಯಲ್ಲಿ ಬಿದ್ದಿದೆ. ಒಬ್ಬರೇ ಎತ್ತಲು ಆಗುವುದಿಲ್ಲ. ಅದಕ್ಕೇ ರೈಫಲ್. ಅದನ್ನು ಒಬ್ಬರೇ ಎತ್ತಬಹುದು.

ಊರಿನ ಕಥೆಯೂ ಬೇರೆ ಅಲ್ಲ, ಕಾನೂನು ಬೇರೆ ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಂದಿಯನ್ನು ಸುಮ್ನೆ ಹೊಡೆಯುವ ಹಾಗಿಲ್ಲ. ಬಿಹಾರ, ಉತ್ತರಾಖಂಡದಲ್ಲಿ ಕೆಲವು ಕಾಲ ಅದನ್ನು ಉಪದ್ರವಿ ಪ್ರಾಣಿ ಅಂತ ಘೋಷಿಸಿದ್ದುಂಟು. ಕೇರಳ ಕೇಳಿದಾಗ ಕೇಂದ್ರ ಒಪ್ಪಲಿಲ್ಲ. ಟೆಕ್ಸಾಸಿನಲ್ಲಿ ಹಂದಿ ಹೊರಗಿನಿಂದ ಬಂದದ್ದು, ನಮ್ಮಲ್ಲಿ ಅದು ಕಾಡಿನದೇ ಜೀವ, ಹುಲಿ ಚಿರತೆಗೆ ಆಹಾರ. ಆ ವ್ಯತ್ಯಾಸ ಮುಖ್ಯ. ಟೆಕ್ಸಾಸಿನ ಉತ್ತರ ನಮಗೆ ಉತ್ತರ ಅಲ್ಲ. ಆದರೆ ರಾತ್ರಿ ನಿದ್ದೆಗೆಟ್ಟ ರೈತನಿಗೆ ಕಾಯ್ದೆಯ ಪುಸ್ತಕ ಕಾವಲು ಬರುವುದಿಲ್ಲ. ಬೇಸತ್ತು ಬೇಲಿಗೆ ಕರೆಂಟು ಹರಿಸುತ್ತಾರೆ, ಸಿಡಿಮದ್ದಿನ ಉಂಡೆ ಇಡುತ್ತಾರೆ. ಅದಕ್ಕೆ ಹಂದಿಯಷ್ಟೇ ಸಾಯುವುದಿಲ್ಲ. ಮೇಯಲು ಹೋದ ಹಸುವಿನ ದವಡೆ ಹಾರಿಹೋಗುತ್ತದೆ. ಆನೆ ಸಾಯುತ್ತದೆ. ಬೆಳಗಿನ ಜಾವ ನೀರು ಕಟ್ಟಲು ಹೋದ ಮನುಷ್ಯ ಸಾಯುತ್ತಾನೆ. ಇದನ್ನು ಯಾವ ಕಾರಣಕ್ಕೂ ನಾನು ಒಪ್ಪಲಾರೆ.

ಮಾರನೇ ದಿನ ಅಪ್ಪನಿಗೆ ಫೋನ್ ಮಾಡಿದೆ. ಹೊಲ ಗುತ್ತಿಗೆಗೆ ಕೊಟ್ಟು ಆರು ವರ್ಷ ಆಯಿತು. ಕೊನೆಯ ಎರಡು ಹಂಗಾಮು ಅಪ್ಪ ಕೂಗಿದರೆ ತಿರುಗಿ ಕೂಗುವವರು ಇರಲಿಲ್ಲವಂತೆ. ಪಕ್ಕದ ಹೊಲದವರ ಹುಡುಗ ಬೆಂಗಳೂರಿಗೆ, ಅದರ ಆಚೆಯವರು ಹೊಲ ಬೀಳುಬಿಟ್ಟರು, ನಾನು ಇಲ್ಲಿ. ಇದನ್ನು ಅವರು ಅವತ್ತೇ ಮೊದಲ ಸಲ ಹೇಳಿದರು. ದೂರಿನ ದನಿ ಇರಲಿಲ್ಲ, ಮಳೆ ಬಂತಾ ಅಂತ ಕೇಳುವಷ್ಟೇ ಸಹಜವಾಗಿ ಹೇಳಿದರು. ನನಗೆ ಆ ಕಡೆಯಿಂದ ಬಾರದ ಕೂಗು ಕೇಳಿಸಿದ ಹಾಗಾಯಿತು.

ರಾತ್ರಿಯ ಕಥೆಯನ್ನೆಲ್ಲ ಹೇಳಿದೆ. ಶಾಖ ನೋಡುವ ದುರ್ಬೀನು, ಪುಡಿಯ ಬಾಟಲಿ, ಹದಿನಾಲ್ಕು ಹಂದಿ. ಎಷ್ಟು ಎಕರೆ ಹೋಗಿದೆ ಅಂತ ಕೇಳಿದರು. ಹೇಳಿದೆ. ಕೀಳೋಕೆ ಇನ್ನು ಎಷ್ಟು ದಿನ ಅಂದರು. ಹತ್ತು ಹನ್ನೆರಡು ದಿನ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಆ ಅಜ್ಜನ ಜೊತೆ ರಾತ್ರಿ ಯಾರಿರ್ತಾರೆ?”

“ಯಾರೂ ಇಲ್ಲ. ನಾಯಿ ಇದೆ.”

“ನೀನು ಎಷ್ಟು ದೂರ ಇದ್ದೀಯ?”

“ಮುಕ್ಕಾಲು ಗಂಟೆ ದಾರಿ.”

ಅಪ್ಪ ಮತ್ತೆ ಏನೂ ಹೇಳಲಿಲ್ಲ. ಅಮ್ಮನಿಗೆ ಫೋನ್ ಕೊಟ್ಟರು.

ಶನಿವಾರ ಮತ್ತೆ ಹೋದೆ. ರೈಫಲ್ ಹೊರಗೆ ತೆಗೆಯಲಿಲ್ಲ. ಕೊಟ್ಟಿಗೆಯಿಂದ ಜಾಲರಿಗಳನ್ನು ಇಬ್ಬರೂ ಸೇರಿ ಒಂದೊಂದಾಗಿ ಹೊರಗೆ ಎಳೆದೆವು. ಜೇಡರ ಬಲೆ, ತುಕ್ಕು, ಒಂದು ಇಲಿ ಗೂಡು. ಸಂಜೆಯೊಳಗೆ ಆರು ಕಂಬ ನೆಟ್ಟೆವು. ಇನ್ನು ಹತ್ತು ಇವೆ. ಪಕ್ಕದ ಜಮೀನಿನವರ ಜೊತೆ ಮಾತಾಡುತ್ತೇನೆ ಅಂತ ಯಜಮಾನರು ಹೇಳಿದ್ದಾರೆ. ಕೈಯಲ್ಲಿ ಬೊಬ್ಬೆ ಎದ್ದಿದೆ, ಟೈಪ್ ಮಾಡಲು ಸ್ವಲ್ಪ ಕಷ್ಟ. ಬರುವ ಶನಿವಾರ ಗೇಟಿನ ಚೌಕಟ್ಟು ನಿಲ್ಲಿಸಬೇಕು.